ಮಳೆಗಾಲದಲ್ಲಿ ಮಾತ್ರೆ ಬಿಡಿಯಾಗಿ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮದು ಕಾರವಾರ. ಮನೆಯಲ್ಲಿ ಸೊಸೆ ಐದು ತಿಂಗಳ ಬಸುರಿ. ಕಳೆದ ತಿಂಗಳು ಪೇಟೆಯ ಔಷಧ ಅಂಗಡಿಯೊಂದರಿಂದ ಅವಳಿಗೆ ಕಬ್ಬಿಣಾಂಶದ ಮಾತ್ರೆ ತಂದೆ. ದೊಡ್ಡ ಡಬ್ಬಿಯಿಂದ 30 ಎಣಿಸಿ ಕಾಗದದ ಪೊಟ್ಟಣಕ್ಕೆ ಹಾಕಿ ಕೊಟ್ಟರು. ಹದಿನೈದು ದಿನ ಆಗಿರಲಿಲ್ಲ, ಕೆಂಪು ಬಣ್ಣ ಕಾಗದಕ್ಕೆ ಹತ್ತಿತ್ತು, ನಾಲ್ಕೈದು ಮಾತ್ರೆ ಒಂದಕ್ಕೊಂದು ಅಂಟಿ ಕೂತಿದ್ದವು, ಬಿಡಿಸಿದರೆ ಸಿಪ್ಪೆ ಎದ್ದು ಒಳಗೆ ತುಕ್ಕಿನ ಬಣ್ಣದ ಕಲೆ. ಅವಧಿ ಮುಗಿಯುವ ತಾರೀಖು ನೋಡೋಣ ಅಂದ್ರೆ ಪೊಟ್ಟಣದ ಮೇಲೆ ಪೆನ್ನಲ್ಲಿ ಬರೆದ 'ದಿನಕ್ಕೆ ಒಂದು' ಬಿಟ್ಟು ಬೇರೇನೂ ಇಲ್ಲ. ವಾಪಸ್ ಒಯ್ದು ತೋರಿಸಿದೆ. ತಕರಾರಿಲ್ಲದೆ ಬದಲಿಸಿ ಕೊಟ್ಟರು, ಆದರೆ ಮತ್ತೆ ಕಾಗದದಲ್ಲೇ!

ನಮ್ಮ ಮಳೆಗಾಲ ಎಲ್ಲರಿಗೂ ಗೊತ್ತಲ್ವಾ. ಸಾಣಿಕಟ್ಟಾ ಉಪ್ಪು ಭರಣಿಯೊಳಗೇ ನೀರು ಬಿಡುತ್ತದೆ. ಹಲಸಿನ ಹಪ್ಪಳವನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿಟ್ಟು ಕಾಯುತ್ತೇವೆ. ಮಾತ್ರೆಗೆ ಅಷ್ಟು ಕಾಳಜಿ ಬೇಡವೇ?

ಕಬ್ಬಿಣ ಖನಿಜ, ಹಾಲಿನ ಹಾಗೆ ಹುಳಿಯುವುದಿಲ್ಲ, ನಿಜ. ಆದರೆ ಇಂಥ ಎಷ್ಟೋ ಮಾತ್ರೆಗಳಲ್ಲಿ ಇರುವುದು ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ. ತೇವ, ಗಾಳಿ ತಾಗಿದರೆ ಅದರ ಕಬ್ಬಿಣ ಫೆರಿಕ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಅದನ್ನು ದೇಹ ಅಷ್ಟು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಸರ್ಕಾರ ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದಕ್ಕೂ ಬೆಳಕು, ತೇವ ಆಗುವುದಿಲ್ಲ. ಕಂಪನಿಯವರು ಮಾತ್ರೆಯನ್ನು 40 ಡಿಗ್ರಿ ಬಿಸಿ, 75 ಶೇಕಡ ತೇವದಲ್ಲಿ 6 ತಿಂಗಳು ಇಟ್ಟು ಪರೀಕ್ಷೆ ಮಾಡುತ್ತಾರೆ, ಆದರೆ ಅದು ಪ್ಯಾಕ್ ಒಡೆಯದ ಮಾತ್ರೆಗೆ. ಮೇಲೆ ಅಚ್ಚಾದ ತಾರೀಖೂ ಅದಕ್ಕೇ. ಪೊಟ್ಟಣಕ್ಕೆ ಬಿದ್ದ ಮಾತ್ರೆಗೆ ಆ ತಾರೀಖಿನ ಭರವಸೆ ಇಲ್ಲ. ಮಾತ್ರೆ ತಿಂದ್ರೂ ರಕ್ತ ಏರಲಿಲ್ಲ ಅಂತ ಸುಮ್ನೆ ಹೆಣ್ಣುಮಕ್ಕಳನ್ನೇ ಬಯ್ಯುತ್ತೇವೆ, ಅವಳು ಸರಿಯಾಗಿ ತಿನ್ನಲ್ಲ ಅಂತೇವೆ. ಮಾತ್ರೆ ಹೇಗಿತ್ತು ಅಂತ ಯಾರೂ ನೋಡುವುದಿಲ್ಲ.

ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಸ್ಟ್ರಿಪ್‌ನಲ್ಲೇ ಕೊಡಿ. ಕತ್ತರಿಸುವಾಗ ತಾರೀಖು ಇರುವ ತುದಿ ಗಿರಾಕಿಗೆ ಹೋಗಲಿ. ಬಿಡಿ ಮಾತ್ರೆ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಕೊಡಿ, ಮೇಲೆ ತಾರೀಖು ಬರೆಯಿರಿ. ಡಬ್ಬಿಗೆ ಜಾಸ್ತಿ ದುಡ್ಡಾದರೆ ಕೊಡುತ್ತೇವೆ. ಮನೆಯಲ್ಲಿ ನಾವೂ ಒಲೆ ಪಕ್ಕ, ಬಚ್ಚಲು ಗೋಡೆಯ ಕಪಾಟು ಬಿಟ್ಟು ಒಣಗಿದ ಜಾಗದಲ್ಲಿ ಇಡಬೇಕು. ಬಾಟಲಿಯೊಳಗೆ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ಚೀಟಿಯನ್ನು ಎಸೆಯಬಾರದು. ಅಂಟಿದ, ಕಲೆ ಬಿದ್ದ ಮಾತ್ರೆ ಕಂಡರೆ ತಿನ್ನದೆ ಹೊಸತು ಕೇಳಿ ತನ್ನಿ. ನಿಲ್ಲಿಸಿಬಿಡಬೇಡಿ, ಬಸುರಿಯರು ಇದನ್ನು 180 ದಿನ ತಿನ್ನಬೇಕು.

– ಓದುಗ, ಕಾರವಾರ