ರಕ್ತ ಕೊಟ್ಟವರಿಗೇ ಓದಲು ಸಿಗದ ಸಂಶೋಧನೆ

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಲ್ಯಾಬ್ ಟೆಕ್ನಿಷಿಯನ್. ಸರ್ಕಾರದ ಹಣದಲ್ಲಿ ನಡೆದ ಒಂದು ಮಧುಮೇಹ ಸಂಶೋಧನೆಯಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆಯಬೇಕು, ಅದರ ತಿಳಿ ದ್ರವವಾದ ಸೀರಂ ಬೇರೆ ಮಾಡಿ ಸಣ್ಣ ಟ್ಯೂಬ್‌ಗಳಿಗೆ ಹಾಕಬೇಕು, ಚೀಟಿ ಅಂಟಿಸಿ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇಡಬೇಕು. ಬಾಗಿಲು ತೆಗೆದರೆ ಬಿಳಿ ಮಂಜು ಮುಖಕ್ಕೇ ಬರುತ್ತಿತ್ತು. ದಪ್ಪ ಗ್ಲೌಸ್ ಹಾಕಿದ್ದರೂ ಬೆರಳು ಜುಂ ಎನ್ನುತ್ತಿತ್ತು.

ಕಳೆದ ತಿಂಗಳು, ಆಗ ರಕ್ತ ಕೊಟ್ಟಿದ್ದ ಹಿರಿಯರೊಬ್ಬರು ಸಿಕ್ಕರು. ನನ್ನ ಗುರುತು ಹಿಡಿದು, "ಏನಮ್ಮಾ, ನಾಲ್ಕು ಸಲ ಬಂದು ರಕ್ತ ಕೊಟ್ಟೆ. ಕೊನೆಗೆ ಏನು ಗೊತ್ತಾಯ್ತು?" ಅಂತ ಕೇಳಿದರು. ಪ್ರಬಂಧ ಪ್ರಕಟವಾಗಿದೆ, ಹುಡುಕಿ ಕೊಡ್ತೀನಿ ಎಂದೆ. ಹುಡುಕಿದರೆ ಸಿಕ್ಕಿದ್ದು ಒಂದು ಪ್ಯಾರಾ ಸಾರಾಂಶ. ಪೂರ್ತಿ ಓದಬೇಕಾದರೆ ದುಡ್ಡು ಕಟ್ಟಬೇಕಂತೆ. ಕೆಲಸದಲ್ಲಿದ್ದಾಗ ಲೈಬ್ರರಿ ಲಾಗಿನ್ ಇತ್ತು. ನಿವೃತ್ತಿಯ ಜೊತೆಗೆ ಅದೂ ಹೋಯಿತು.

ನಮ್ಮ ತಂಡದ ವಿಜ್ಞಾನಿಗೆ ಮೇಲ್ ಮಾಡಿದೆ. ಸಂಜೆಯೊಳಗೆ ಪಿಡಿಎಫ್ ಕಳಿಸಿದರು, ಅವರದು ದೊಡ್ಡ ಮನಸ್ಸು. ಆದರೆ ಆ ಹಿರಿಯರಿಗೆ ಅವರ ಪರಿಚಯ ಎಲ್ಲಿದೆ?

ಇಂಥ ಸಂಶೋಧನೆಗೆ ಹಣ ಜನರದ್ದು. ಪ್ರಬಂಧ ಬರೆದವರಿಗೆ, ಅದರ ತಪ್ಪು ಒಪ್ಪು ನೋಡಿದ ವಿಜ್ಞಾನಿಗಳಿಗೆ ಅದನ್ನು ಪ್ರಕಟಿಸುವ ಜರ್ನಲ್‌ನವರು (ಸಂಶೋಧನಾ ಪತ್ರಿಕೆಯವರು) ಸಾಮಾನ್ಯವಾಗಿ ಏನೂ ಕೊಡುವುದಿಲ್ಲ. ಪ್ರಕಾಶಕರಿಗೂ ಖರ್ಚಿದೆ, ಒಪ್ಪುತ್ತೇನೆ. ಹಾಗಂತ ಓದುವವರನ್ನು ಬಾಗಿಲ ಹೊರಗೆ ನಿಲ್ಲಿಸುವುದು ಸರಿಯಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇದಕ್ಕೆ ದಾರಿ ಮಾಡಿದೆ. ತನ್ನ ಹಣ ಪಡೆದವರ ಪ್ರಬಂಧ 12 ತಿಂಗಳೊಳಗೆ ಪಬ್‌ಮೆಡ್ ಸೆಂಟ್ರಲ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗಬೇಕು ಎಂದು 2008ರಲ್ಲೇ ಕಡ್ಡಾಯ ಮಾಡಿತು. 2025ರ ಜುಲೈ 1ರಿಂದ ಜರ್ನಲ್ ಒಪ್ಪಿದ ಪ್ರಬಂಧಗಳಿಗೆ ಆ ಒಂದು ವರ್ಷದ ಕಾಯುವಿಕೆಯೂ ಇಲ್ಲ. ಪ್ರಕಟವಾದ ದಿನವೇ ಸಿಗಬೇಕು. ತಪ್ಪು ಒಪ್ಪು ನೋಡಿ ಮುಗಿದ ಮೇಲೆ ಲೇಖಕರ ಬಳಿ ಇರುವ ಪ್ರತಿಯನ್ನೇ ಅಲ್ಲಿ ಇಟ್ಟರೂ ಸಾಕು. ಜರ್ನಲ್‌ನ ಅಂದದ ಪುಟ ಯಾರಿಗೆ ಬೇಕು, ಒಳಗಿನ ವಿಷಯ ಮುಖ್ಯ ಅಲ್ವಾ?

ಕೆಲವು ಸರ್ಕಾರಗಳು ವಿಶ್ವವಿದ್ಯಾಲಯಗಳ ಪರವಾಗಿ ತಾವೇ ಜರ್ನಲ್‌ಗಳ ಚಂದಾ ಕಟ್ಟುತ್ತವೆ. ಅದು ಒಳಗಿರುವವರಿಗೆ ಸರಿ. ಮನೆಯಲ್ಲಿರುವ ರೋಗಿಗೆ ಏನು ಬಂತು?

ಸಾಮಾನ್ಯರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎನ್ನುವವರಿದ್ದಾರೆ. ನಾನು ಆ ಹಿರಿಯರ ಪಕ್ಕ ಕೂತು ಓದಿ ಹೇಳಿದೆ. ಎರಡನೇ ಕೋಷ್ಟಕದಲ್ಲಿ ಅವರ ವಯಸ್ಸಿನವರ ಸಾಲು ಇತ್ತು. ಅದರ ಮೇಲೆ ಬೆರಳಿಟ್ಟು, "ಹಾಗಾದ್ರೆ ಇದರಲ್ಲಿ ನಾನೂ ಒಬ್ಬ" ಎಂದರು. ಹಾಳೆ ಮಡಚಿ, ಡಾಕ್ಟರಿಗೆ ತೋರಿಸಲು ಜೇಬಿನಲ್ಲಿ ಇಟ್ಟುಕೊಂಡರು.

ಹಣ ಮಂಜೂರು ಮಾಡುವಾಗಲೇ ಸರ್ಕಾರಗಳು ಈ ಷರತ್ತು ಬರೆಯಲಿ. ರಕ್ತ ಕೊಡುವವರು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲೂ ಒಂದು ಸಾಲು ಜಾಸ್ತಿ ಇರಲಿ: ಫಲಿತಾಂಶವನ್ನು ದುಡ್ಡು ಕೊಡದೆ ಎಲ್ಲಿ ಓದಬಹುದು ಅಂತ.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್