ಕಡಂಬುಟ್ಟು ಬಿಡಬೇಡ ಮಗಳೇ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ‘ಅವ್ವಾ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ HbA1c ಟೆಸ್ಟ್‌ನಲ್ಲಿ 6.1 ಬಂದಿದೆ’ ಅಂದವಳು ಆಮೇಲೆ ಮಾತೇ ಆಡಲಿಲ್ಲ. ಮಳೆಗೆ ಇಲ್ಲಿ ನೆಟ್‌ವರ್ಕೂ ಹೋಯಿತು. ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಬರೆಯಲು ಕೂತಿದ್ದೇನೆ.

5.7ರಿಂದ 6.4ರ ತನಕ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ನೀನಿನ್ನೂ ಹೊಸ್ತಿಲಲ್ಲಿದ್ದೀಯ, ಹಿಂದೆ ಬರಬಹುದು. ನನಗೆ ಗೊತ್ತಾಗುವಾಗ 8.9 ಆಗಿತ್ತು.

‘ಇನ್ನು ಅನ್ನ, ರೊಟ್ಟಿ, ಪುಟ್ಟು ಯಾವುದೂ ಬೇಡ’ ಅಂದೆಯಲ್ಲ, ಹಾಗೆ ಮಾಡಬೇಡ. ನಾನೂ ಹಟ ಹಿಡಿದು ಹನ್ನೆರಡು ದಿನ ಬಿಟ್ಟೆ. ಹದಿಮೂರನೆಯ ದಿನ ಒಂದು ಮದುವೆ ಮನೆಯಲ್ಲಿ ತಡೆಯಲಾಗದೆ ಹೊಟ್ಟೆ ಬಿರಿಯ ತಿಂದೆ. ನಮ್ಮಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ನೂಲುಪುಟ್ಟು. ಹೆಸರು ಮೂರಾದರೂ ಅಕ್ಕಿ ಒಂದೇ, ಅದರ ಪಿಷ್ಟವೆಲ್ಲ ಕೊನೆಗೆ ಗ್ಲೂಕೋಸಾಗಿ ರಕ್ತಕ್ಕೇ ಸೇರುತ್ತದೆ. ಅದಕ್ಕೇ ದಿನದಲ್ಲಿ ಒಂದು ಹೊತ್ತು ಅಕ್ಕಿ ಬಿಡು, ಉಳಿದೆರಡು ಹೊತ್ತು ಅಳತೆಯಲ್ಲಿ ತಿನ್ನು.

ಒಂದು ಭಾನುವಾರ ಐದು ಕಡಂಬುಟ್ಟು, ಅದೇ ಅಕ್ಕಿ ತರಿಯ ಉಂಡೆ, ಹಂದಿ ಸಾರಿನಲ್ಲಿ ಅದ್ದಿ ತಿಂದೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಆ ಹೊತ್ತಿನ ರಕ್ತದ ಸಕ್ಕರೆ 241 mg/dL. ಮುಂದಿನ ಭಾನುವಾರ ಮೊದಲು ಒಂದು ಬಟ್ಟಲು ಬೀನ್ಸ್ ಪಲ್ಯ, ಆಮೇಲೆ ಮಾಂಸ, ಕಡೆಗೆ ಎರಡೇ ಎರಡು ಕಡಂಬುಟ್ಟು. ಕೈ ತೊಳೆದವಳು ಕಾಫಿ ಕಣದ ಸುತ್ತ ಇಪ್ಪತ್ತು ನಿಮಿಷ ನಡೆದೆ. ಅವತ್ತು 168. ಮಾತ್ರೆ ಎರಡು ದಿನವೂ ಅದೇ. ತರಕಾರಿ, ಮಾಂಸ ಮೊದಲು ಹೊಟ್ಟೆ ಸೇರಿದರೆ ಅಕ್ಕಿಯ ಸಕ್ಕರೆ ನಿಧಾನಕ್ಕೆ ಏರುತ್ತದೆ, ನಡೆದರೆ ಕಾಲಿನ ಸ್ನಾಯು ಅದನ್ನು ಎಳೆದುಕೊಳ್ಳುತ್ತದೆ. ಹಂದಿ ಮಾತ್ರ ಅಪರೂಪಕ್ಕಿರಲಿ, ಕೊಬ್ಬು ಜಾಸ್ತಿ. ಬೇರೆ ದಿನ ಮೊಟ್ಟೆ, ಮೀನು, ಹೆಸರುಕಾಳು ಮಾಡಿಕೋ.

ನಾನು ಮಾಡಿದ ದೊಡ್ಡ ತಪ್ಪು ಬೆಲ್ಲದ್ದು. ಸಕ್ಕರೆಯಲ್ಲವಲ್ಲ ಅಂದುಕೊಂಡು ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ಕುಡಿದೆ, ನಿನಗೂ ಅದನ್ನೇ ಅಭ್ಯಾಸ ಮಾಡಿಸಿದೆ. ರಕ್ತದ ಮಟ್ಟಿಗೆ ಸಕ್ಕರೆ, ಬೆಲ್ಲ, ಜೇನು ಹೆಚ್ಚುಕಡಿಮೆ ಒಂದೇ ಅಂತ ತಿಳಿಯುವಾಗ ನನಗೆ ಐವತ್ತು ದಾಟಿತ್ತು. ಇದೊಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ವಾರವಾರವೂ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಬಾ, ನಾಲಿಗೆ ಒಗ್ಗಿಕೊಳ್ಳುತ್ತದೆ. ಕಿತ್ತಳೆಯನ್ನು ಸುಲಿದು ತಿನ್ನು, ರಸ ಹಿಂಡಬೇಡ.

ನಮ್ಮ ಕೊಡವರ ಕಕ್ಕಡ ತಿಂಗಳ 18ನೆಯ ದಿನಕ್ಕೆ ನೀನು ಬಂದಾಗ ಮದ್ದುಸೊಪ್ಪಿನ ಪಾಯಸ ಖಂಡಿತ ಕೊಡುತ್ತೇನೆ, ಸಣ್ಣ ಬಟ್ಟಲಲ್ಲಿ. ಆ ಹೊತ್ತಿಗೆ ಅನ್ನ ಇಲ್ಲ.

ಮತ್ತೆ ಟೆಸ್ಟ್ ಯಾವಾಗ ಅಂತ ಡಾಕ್ಟರನ್ನು ಕೇಳು, ಆದರೆ ಹದಿನೈದು ದಿನಕ್ಕೇ ಓಡಬೇಡ. ಆ ಟೆಸ್ಟ್ ಅಳೆಯುವುದು ಕೆಂಪು ರಕ್ತಕಣದಲ್ಲಿ ಅಂಟಿಕೊಂಡ ಸಕ್ಕರೆಯನ್ನು, ಆ ಕಣದ ಆಯಸ್ಸು ಸುಮಾರು 120 ದಿನ. ಇವತ್ತು ನೀನು ತಿನ್ನುವುದರ ಲೆಕ್ಕ ಆ ಅಂಕಿಯಲ್ಲಿ ಪೂರ್ತಿ ಕಾಣಲು ಮೂರು ತಿಂಗಳಾದರೂ ಬೇಕು.

ನಾಳೆ ಗೋಣಿಕೊಪ್ಪದ ಬೆಳಗಿನ ಬಸ್ಸಿಗೆ ನಿನ್ನಪ್ಪ ಹೊರಡುತ್ತಾರೆ. ಕಣಿಲೆ (ಎಳೆ ಬಿದಿರು) ಕಳಿಸಿದ್ದೇನೆ, ದಿನಾ ನೀರು ಬದಲಿಸಿ ನೆನೆಸಿದ್ದು. ಆದರೂ ನೀನು ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿಯೇ ಪಲ್ಯ ಮಾಡು. ಬೆಲ್ಲದ ಅಚ್ಚು ಈ ಸಲ ಇಟ್ಟಿಲ್ಲ.

ನಿನ್ನ ಅವ್ವ