ಮಗಳಿಗೊಂದು ಪತ್ರ: ಶೇಂಗಾ ಬೇರಿನಿಂದ ಶುರು ಮಾಡು

ಪ್ರೀತಿಯ ಮಗಳೇ,

ಪರಿಸರದ ಪಾಠ ತಲೆಗೆ ಹತ್ತುತ್ತಿಲ್ಲ, ಬರೀ ಉರು ಹೊಡೆಯುವುದೇ ಆಗಿದೆ ಅಂತ ಅವ್ವನ ಹತ್ತಿರ ಹೇಳಿದೆಯಂತೆ. ಸಾರಜನಕ ಚಕ್ರ ಒಂದು ಕಡೆ, ಆಹಾರ ಸರಪಳಿ ಇನ್ನೊಂದು ಕಡೆ, ಜಲಮಾಲಿನ್ಯ ಮತ್ತೊಂದು ಕಡೆ. ಹಾಗೆ ಬಿಡಿಬಿಡಿಯಾಗಿ ಓದಿದರೆ ಯಾರಿಗಾದರೂ ಬೇಜಾರಾಗುತ್ತದೆ. ನನ್ನ ಪ್ರಕಾರ ಆ ಪಾಠಗಳೆಲ್ಲ ಕೇಳುವುದು ಒಂದೇ ಪ್ರಶ್ನೆ. ಇದು ಎಲ್ಲಿಂದ ಬಂತು, ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಸಾರಜನಕವನ್ನೇ ಹಿಡಿದು ನೋಡೋಣ.

ನಿನ್ನೆ ಹೊಲದಲ್ಲಿ ಕಳೆ ತೆಗೆಯುವಾಗ ಒಂದು ಶೇಂಗಾ ಗಿಡವನ್ನು ಬೇರು ಹರಿಯದ ಹಾಗೆ ಮಣ್ಣು ಸಡಿಲಿಸಿ ಕಿತ್ತೆ. ಬೇರು ಕವಲೊಡೆಯುವ ಕಡೆಯೆಲ್ಲ ಸಾಸಿವೆ ಕಾಳಿನಷ್ಟು ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದೆ, ಒಳಗೆ ತಿಳಿಗೆಂಪು. ಆ ಬಣ್ಣ ಬಂದಿರುವುದು ಲೆಗ್‌ಹಿಮೋಗ್ಲೋಬಿನ್‌ನಿಂದ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ನೆಂಟ. ಗಂಟಿನೊಳಗೆ ರೈಜೋಬಿಯಂ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತದೆ. ಗಾಳಿಯಲ್ಲಿ 78% ಸಾರಜನಕವೇ ಇದೆ, ಆದರೆ ಅದರ ಎರಡೆರಡು ಪರಮಾಣುಗಳು ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಗಿಡಕ್ಕೆ ನೇರವಾಗಿ ದಕ್ಕುವುದಿಲ್ಲ. ಬ್ಯಾಕ್ಟೀರಿಯಾ ಆ ಜೋಡಿ ಬಿಡಿಸಿ ಅಮೋನಿಯಾ ಮಾಡಿಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ. ಅದಕ್ಕೇ ಆ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದಿಟ್ಟು, ಬೇಕಾದಷ್ಟೇ ಬಿಡುತ್ತದೆ. ಗಂಟು ಸೀಳಿದಾಗ ಒಳಗೆ ಬೆಳ್ಳಗೋ ಹಸಿರಾಗೋ ಇದ್ದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ ಅಂತ ತಿಳಿ.

ಶೇಂಗಾ ಆದ ಹೊಲದಲ್ಲಿ ಜೋಳ ಚೆನ್ನಾಗಿ ಬರುತ್ತದೆ ಅಂತ ನಿನ್ನ ತಾತ ಹೇಳುತ್ತಿದ್ದುದು ಇದಕ್ಕೇ. ಆದರೆ ಕಾಯಿಯ ಜೊತೆ ಸಾರಜನಕವೂ ಮಂಡಿಗೆ ಹೋಗಿಬಿಡುತ್ತದೆ. ಹೊಟ್ಟು ದನ ತಿಂದು, ಸಗಣಿ ತಿಪ್ಪೆಗೆ ಬಂದು, ಗೊಬ್ಬರ ಹೊಲಕ್ಕೆ ವಾಪಸಾದರೆ ಮಾತ್ರ ಚಕ್ರ ಪೂರ್ತಿಯಾಗುವುದು.

ಇನ್ನು ಯೂರಿಯಾ. ಈಗ ಒಂದು ಚೀಲ 45 ಕೆ.ಜಿ. ಅದರಲ್ಲಿ 46% ಸಾರಜನಕ, ಅಂದರೆ 20 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಬೇರಿನ ಗಂಟು ಸುಮ್ನೆ ಮಣ್ಣಲ್ಲಿ ಕೂತು ಮಾಡುವ ಕೆಲಸವನ್ನೇ ಕಾರ್ಖಾನೆ ಭಾರಿ ಒತ್ತಡ, ಭಾರಿ ಶಾಖದಲ್ಲಿ ಮಾಡುತ್ತದೆ. ನೀನಿರುವ ದಾವಣಗೆರೆ ಸುತ್ತ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಾರಲ್ಲ, ಆ ಗದ್ದೆಗೆ ಎರಚಿದ ಯೂರಿಯಾದಲ್ಲಿ ಸಾಮಾನ್ಯವಾಗಿ ಅರ್ಧವೂ ಪೈರಿಗೆ ಸಿಗುವುದಿಲ್ಲ. ಉಳಿದದ್ದು ಎಲ್ಲಿಗೆ ಹೋಯಿತು? ಸ್ವಲ್ಪ ಅಮೋನಿಯಾ ಆಗಿ ಗಾಳಿಗೆ. ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಮೇಲಕ್ಕೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಇನ್ನು ಸ್ವಲ್ಪ ನೈಟ್ರೇಟ್ ಅನ್ನುವ ರೂಪದಲ್ಲಿ ನೀರಿನ ಜೊತೆ ಹಳ್ಳ, ಕೆರೆ, ಅಂತರ್ಜಲಕ್ಕೆ. ಕೆರೆಗೆ ಗೊಬ್ಬರ ಸೇರಿದರೆ ಪಾಚಿ ಹಬ್ಬುತ್ತದೆ. ಪಾಚಿ ಸತ್ತ ಮೇಲೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತವೆ. ನಿನ್ನ ಪುಸ್ತಕದ ಯುಟ್ರೋಫಿಕೇಶನ್ ಇಷ್ಟೇ. ನೋಡು, ಒಂದೇ ಸಾರಜನಕ ಹಿಡಿದು ಹೊರಟರೆ ಮೂರು ಪಾಠ ಮುಗಿದವು.

ಶಕ್ತಿಯ ಕಥೆ ಮಾತ್ರ ಬೇರೆ. ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ಸಾರಜನಕ, ನೀರು, ಇಂಗಾಲ ಸುತ್ತಿ ಬರುತ್ತವೆ. ಶಕ್ತಿ ಸುತ್ತುವುದಿಲ್ಲ, ಬಿಸಿಲಿಂದ ಬಂದು ಶಾಖವಾಗಿ ಹೋಗಿಬಿಡುತ್ತದೆ. ಆಹಾರ ಸರಪಳಿಯ ಒಂದು ಮೆಟ್ಟಿಲಿಂದ ಮುಂದಿನದಕ್ಕೆ ಸಿಗುವುದು ಸುಮಾರು 10% ಮಾತ್ರ. 1942ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಲಿಂಡೆಮನ್ ಈ ವಿಚಾರಕ್ಕೆ ಅಡಿಪಾಯ ಹಾಕಿದರು. ನಮ್ಮ ಕಡೆಯ ಹುಲ್ಲುಗಾವಲು, ಅಮೃತ ಮಹಲ್ ಕಾವಲಿನ ಲೆಕ್ಕ ಹಾಕು. ಹುಲ್ಲಿನಲ್ಲಿ 10,000 ಕ್ಯಾಲೊರಿ ಇದ್ದರೆ ಕೃಷ್ಣಮೃಗಕ್ಕೆ 1,000, ತೋಳಕ್ಕೆ 100. ನಾಲ್ಕು ತೋಳ ಬದುಕಬೇಕೆಂದರೆ ಎಷ್ಟು ಹುಲ್ಲು ಬೇಕು ಅಂತ ಯೋಚಿಸು. ಅಂಥ ಕಾವಲನ್ನು ಬಂಜರು, ಬೀಳು ಭೂಮಿ ಅಂತ ಕರೆದರೆ ನನಗೆ ಸಿಟ್ಟು ಬರುತ್ತದೆ. ಮರ ಇಲ್ಲ ಅಂದಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಅಂತಲ್ಲ. ಹುಲ್ಲಿನ ಬೇರು ಮಣ್ಣೊಳಗೆ ಇಂಗಾಲ ಕೂಡಿಡುತ್ತದೆ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಅಲ್ಲಿ ಹಬ್ಬಿದರೆ ಹುಲ್ಲು ಹೋಗುತ್ತದೆ, ಹುಲ್ಲಿನ ಹಿಂದೆ ಜಿಂಕೆಯೂ ಹೋಗುತ್ತದೆ. ಆಡು ಕುರಿ ಜಾಲಿಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ, ತಡೆಯುವುದು ಸುಲಭವಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. ನಮ್ಮ ಬೋರಿನ ನೀರಲ್ಲಿ ನೈಟ್ರೇಟ್ ಎಷ್ಟಿದೆ ಅಂತ ನೋಡಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಹಸುಗೂಸುಗಳಿಗೆ ಅಪಾಯ, ರಕ್ತ ಆಮ್ಲಜನಕ ಸಾಗಿಸಲಾರದೆ ಮೈ ನೀಲಿಗಟ್ಟುತ್ತದೆ. ಕಾಯಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಪಕ್ಕದ ಮನೆಯ ಬಾಣಂತಿಯೂ ಇದೇ ನೀರು ಒಯ್ಯುವುದು. ನಿಮ್ಮ ಶಾಲೆಯಲ್ಲಿ ಪರೀಕ್ಷೆ ಮಾಡುವ ಕಿಟ್ ಇದೆಯಾ ಅಂತ ವಿಜ್ಞಾನದ ಟೀಚರನ್ನು ಕೇಳು. ಫ್ಲೋರೈಡ್‌ದೂ ಇದ್ದರೆ ಇನ್ನೂ ಒಳ್ಳೆಯದು, ನಮ್ಮ ಜಿಲ್ಲೆಯ ಬೋರುಗಳಿಗೆ ಆ ಕಾಟವೂ ಇದೆ. ಭಾನುವಾರ ಅವ್ವ ನಿನ್ನನ್ನು ನೋಡಲು ಬರುವಾಗ ಒಂದು ತೊಳೆದ ಬಾಟಲಿಯಲ್ಲಿ ನೀರು ಕೊಟ್ಟು ಕಳಿಸುತ್ತೇನೆ. ಎಷ್ಟು ಬಂತು ಅಂತ ಫೋನ್ ಮಾಡಿ ಹೇಳು.

ನಿನ್ನ ಅಪ್ಪ
ಚಳ್ಳಕೆರೆ ತಾಲ್ಲೂಕು